ಕೊಲೆಗಾರನಲ್ಲವೆಂದು ಗೊತ್ತಾದ ಮೇಲೂ: ‘ಇನ್ ಎ ಲೋನ್ಲಿ ಪ್ಲೇಸ್’ ಚಿತ್ರದ ಬಗ್ಗೆ

1950ರಲ್ಲಿ ತೆರೆಕಂಡ ‘ಇನ್ ಎ ಲೋನ್ಲಿ ಪ್ಲೇಸ್’ ಚಿತ್ರವನ್ನು ಕೊಲೆಯ ರಹಸ್ಯ ಬಿಡಿಸುವ ಕಥೆಯೆಂದು ತಿಳಿದು ನೋಡಲು ಕುಳಿತವರಿಗೆ ಅರ್ಧದಾರಿಯಲ್ಲೇ ತಾವು ಬೇರೆಯದೇ ಕಥೆಯೊಳಗೆ ಬಂದಿದ್ದೇವೆಂಬುದು ಅರಿವಾಗುತ್ತದೆ. ಕೊಲೆ ನಡೆಯುವುದು ತೆರೆಯ ಆಚೆಗೆ. ಕೊಲೆಗಾರ ತಪ್ಪೊಪ್ಪಿಕೊಳ್ಳುವುದೂ ತೆರೆಯ ಆಚೆಗೆ. ತೆರೆಯ ಮೇಲೆ ಇರುವುದು ಒಬ್ಬ ಗಂಡಸು, ಒಬ್ಬ ಹೆಂಗಸು, ಅವರಿಬ್ಬರ ನಡುವೆ ಹುಟ್ಟಿದ ನಿಜವಾದ ಪ್ರೀತಿ ಮತ್ತು ಆ ಪ್ರೀತಿಯನ್ನು ಒಳಗಿನಿಂದಲೇ ದಿನದಿನವೂ ತಿನ್ನುತ್ತ ಹೋಗುವ ಸಂಶಯ. ‘ಇವನು ಆ ಕೊಲೆ ಮಾಡಿದನೇ’ ಎಂಬ ಪ್ರಶ್ನೆಯಿಂದ ಶುರುವಾಗುವ ಚಿತ್ರ ‘ಇವನು ಕೊಲೆ ಮಾಡಬಲ್ಲವನೇ’ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಮೊದಲನೆಯದಕ್ಕೆ ಪೊಲೀಸರು ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಉತ್ತರ ಕೊಡಬಲ್ಲವಳು ಅವನೊಡನೆ ಬಾಳಬೇಕಾದವಳು ಮಾತ್ರ. ಹಾಲಿವುಡ್‌ನ ಫಿಲ್ಮ್ ನುವಾರ್ ಎಂದು ಕರೆಯುವ, ಅಪರಾಧ ಮತ್ತು ಕತ್ತಲೆಯ ಚಿತ್ರಗಳಲ್ಲಿ ಮನಸ್ಸಿನ ಇಷ್ಟು ಹತ್ತಿರಕ್ಕೆ ಬರುವ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ. ಅದು ಯಾಕೆ ಹಾಗೆ ಎಂದು ಹೇಳಲು ಹೊರಟರೆ ಚಿತ್ರದ ಕೊನೆಯನ್ನೂ ಹೇಳಬೇಕಾಗುತ್ತದೆ. ಕಥೆ ಮೊದಲೇ ತಿಳಿಯುವುದು ಬೇಡವೆನ್ನುವವರು ಚಿತ್ರ ನೋಡಿದ ಮೇಲೆ ಮುಂದೆ ಓದಬೇಕೆಂದು ವಿನಂತಿ.

ಕಥೆ ಸರಳವಾದದ್ದು. ಡಿಕ್ಸನ್ ಸ್ಟೀಲ್ ಹಾಲಿವುಡ್‌ನ ಒಬ್ಬ ಚಿತ್ರಕಥೆಗಾರ. ಯುದ್ಧಕ್ಕೆ ಮುಂಚೆ ಹೆಸರು ಮಾಡಿದ್ದವನಿಗೆ ಈಚೆಗೆ ಒಂದೂ ಗೆಲುವಿಲ್ಲ. ಜನಪ್ರಿಯ ಕಾದಂಬರಿಯೊಂದಕ್ಕೆ ಚಿತ್ರಕಥೆ ಬರೆಯಲು ಕೇಳಿದಾಗ ಅದನ್ನು ಓದುವ ತಾಳ್ಮೆಯೂ ಅವನಿಗಿಲ್ಲ. ಹೋಟೆಲಿನಲ್ಲಿ ಗಿರಾಕಿಗಳ ಟೋಪಿ, ಕೋಟುಗಳನ್ನು ನೋಡಿಕೊಳ್ಳುವ ಮಿಲ್ಡ್ರೆಡ್ ಎಂಬ ಹುಡುಗಿ ಆ ಕಾದಂಬರಿಯನ್ನು ಆಸೆಯಿಂದ ಓದಿರುವುದು ತಿಳಿದು, ಕಥೆ ಹೇಳಲೆಂದು ಅವಳನ್ನು ಮನೆಗೆ ಕರೆತರುತ್ತಾನೆ. ಅವಳು ಹೇಳುತ್ತಾಳೆ, ಅವನಿಗೆ ಬೇಸರ ಬರುತ್ತದೆ. ಟ್ಯಾಕ್ಸಿಗೆಂದು ದುಡ್ಡು ಕೊಟ್ಟು ಕಳಿಸಿಬಿಡುತ್ತಾನೆ. ಬೆಳಗಾಗುವಷ್ಟರಲ್ಲಿ ಪೊಲೀಸರು ಅವನ ಬಾಗಿಲಲ್ಲಿ ನಿಂತಿರುತ್ತಾರೆ. ಆ ಹುಡುಗಿಯನ್ನು ಯಾರೋ ಕತ್ತು ಹಿಸುಕಿ ಕೊಂದು ಕಾರಿನಿಂದ ಹೊರಗೆ ಎಸೆದಿದ್ದಾರೆ. ಅದೇ ವಠಾರದ ಎದುರು ಮನೆಯಲ್ಲಿರುವ ಲಾರೆಲ್ ಗ್ರೇ ಎಂಬ ಹೆಂಗಸು, ಮಿಲ್ಡ್ರೆಡ್ ಒಬ್ಬಳೇ ಹೊರಟುಹೋದದ್ದನ್ನು ತಾನು ಕಂಡೆನೆಂದು ಠಾಣೆಯಲ್ಲಿ ಹೇಳುತ್ತಾಳೆ. ಅವನನ್ನು ಯಾಕೆ ಗಮನಿಸಿದಿರಿ ಎಂದು ಕೇಳಿದರೆ, ಅವನ ಮುಖ ತನಗೆ ಹಿಡಿಸಿತು ಎಂದು ಅಂಜಿಕೆಯಿಲ್ಲದೆ ಉತ್ತರಿಸುತ್ತಾಳೆ. ಅಲ್ಲಿಂದ ಅವರಿಬ್ಬರ ಪ್ರೀತಿ ಶುರು.

ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಬದುಕಿದವರಿಗೆ ಈ ಸಾಕ್ಷ್ಯದ ತೂಕವನ್ನು ಯಾರೂ ವಿವರಿಸಬೇಕಾಗಿಲ್ಲ. ಗಿರಗಾಂವ್ ಅಥವಾ ಪರೇಲಿನ ಚಾಳುಗಳಲ್ಲಿ, ಮಾಟುಂಗಾದ ಎದುರುಬದುರು ಬಾಲ್ಕನಿಗಳ ಮನೆಗಳಲ್ಲಿ, ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು, ಯಾವಾಗ ಹೊರಟರು ಎಂಬುದು ನೋಡಬೇಕೆಂದು ಹಟ ಹಿಡಿಯದವರ ಕಣ್ಣಿಗೂ ಬೀಳುತ್ತದೆ. ನಿರ್ದೇಶಕ ನಿಕೊಲಸ್ ರೇ ಈ ಚಿತ್ರಕ್ಕಾಗಿ ಕಟ್ಟಿಸಿದ ವಠಾರ, ನಡುವೆ ಅಂಗಳ, ಮೆಟ್ಟಿಲು, ಕಮಾನು, ಸುತ್ತಲೂ ಕಿಟಕಿಗಳಿರುವಂಥದ್ದು. ಹಾಲಿವುಡ್‌ಗೆ ಬಂದ ಹೊಸತರಲ್ಲಿ ತಾನು ವಾಸಿಸಿದ್ದ ಕಟ್ಟಡದ ಮಾದರಿಯಲ್ಲೇ ಅವನು ಅದನ್ನು ಮಾಡಿಸಿದ. ಅಂಗಳದ ಈಚೆಗೊಂದು ಮನೆ, ಆಚೆಗೊಂದು ಮನೆ. ಚಿತ್ರದ ಆರಂಭದಲ್ಲಿ ಈ ಅಂಗಳವೇ ಡಿಕ್ಸ್‌ನನ್ನು ಕಾಪಾಡುತ್ತದೆ, ಯಾಕೆಂದರೆ ಎದುರು ಮನೆಯವಳು ಅವನನ್ನು ನೋಡುತ್ತಿದ್ದಳು. ಆದರೆ ಚಿತ್ರ ಮುಂದುವರಿದಂತೆ ನೋಡುವುದರ ಸ್ವಭಾವವೇ ಬದಲಾಗುತ್ತದೆ. ಮೆಚ್ಚಿ ನೋಡುತ್ತಿದ್ದ ಕಣ್ಣುಗಳು ಹೆದರಿ ನೋಡತೊಡಗುತ್ತವೆ. ಇಷ್ಟು ದೊಡ್ಡ ಬದಲಾವಣೆಯನ್ನು ರೇ ಒಂದು ಅಂಗಳ ಮತ್ತು ಕೆಲವು ಕಿಟಕಿಗಳ ಮೂಲಕ ಸಾಧಿಸಿದ್ದಾನೆ.

ಡಿಕ್ಸ್‌ನ ಪಾತ್ರ ವಹಿಸಿದ ಹಂಫ್ರಿ ಬೋಗಾರ್ಟ್ ಆ ಹೊತ್ತಿಗೆ ಅಮೆರಿಕದ ಅತಿ ದೊಡ್ಡ ತಾರೆಗಳಲ್ಲೊಬ್ಬ. ಹೊರಗೆ ಒರಟ, ಒಳಗೆ ಮೃದು ಎಂಬ ನಾಯಕನ ಅಚ್ಚೊಂದು ಅವನ ಹೆಸರಿಗೇ ಅಂಟಿಕೊಂಡಿತ್ತು. ಈ ಚಿತ್ರವನ್ನು ನಿರ್ಮಿಸಿದ್ದು ಅವನದೇ ಸಂಸ್ಥೆ, ತನ್ನ ಹಾಯಿದೋಣಿಯ ಹೆಸರನ್ನಿಟ್ಟು ಅವನು ಕಟ್ಟಿದ ಸಾಂತಾನಾ ಪ್ರೊಡಕ್ಷನ್ಸ್. ತನ್ನ ಸ್ವಂತ ಹಣದ ಚಿತ್ರದಲ್ಲಿ ತನ್ನ ಅಚ್ಚನ್ನೇ ಮುರಿಯಲು ಅವನು ಒಪ್ಪಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಪ್ರೇಕ್ಷಕರು ಪ್ರೀತಿಸುತ್ತಿದ್ದ ಆ ಒರಟುತನವನ್ನೇ ಇಲ್ಲಿ ಅವನು ಅವರ ಮುಂದಿಟ್ಟು, ಇದರ ಪಕ್ಕದಲ್ಲಿ ಬದುಕುವುದೆಂದರೆ ಹೇಗಿರುತ್ತದೆಂದು ತೋರಿಸುತ್ತಾನೆ. ಶೀರ್ಷಿಕೆಗಳು ಓಡುವಾಗ ನಮಗೆ ಕಾಣುವುದು ರಾತ್ರಿಯ ರಸ್ತೆ ಮತ್ತು ಕಾರಿನ ಕನ್ನಡಿಯಲ್ಲಿ ಅವನ ಕಣ್ಣುಗಳು ಮಾತ್ರ. ಮೊದಲ ಸಿಗ್ನಲ್ಲಿನಲ್ಲೇ ಪಕ್ಕದ ಕಾರಿನವನೊಡನೆ ಜಗಳ. ಹೋಟೆಲಿಗೆ ಹೋದರೆ ಅಲ್ಲಿಯೂ ಕೈ ಎತ್ತುತ್ತಾನೆ. ಆದರೆ ಅಲ್ಲಿ ಅವನು ಹೊಡೆಯುವುದು, ಕಾಲ ಕಳೆದುಹೋದ ಕುಡುಕ ಮುದಿನಟನೊಬ್ಬನನ್ನು ಅವಮಾನಿಸಿದವನನ್ನು. ಹೀಗಾಗಿ ಮೊದಲ ಹತ್ತು ನಿಮಿಷಗಳಲ್ಲಿ ಅವನ ಸಿಟ್ಟು ನಮಗೆ ಇಷ್ಟವೇ ಆಗುತ್ತದೆ, ನ್ಯಾಯವೆಂದೇ ತೋರುತ್ತದೆ. ನಮ್ಮನ್ನು ಅವನ ಕಡೆಗೆ ಸೆಳೆದುಕೊಂಡ ಮೇಲೆ ಚಿತ್ರ ನಿಧಾನವಾಗಿ ನಮ್ಮ ಕೈಬಿಡತೊಡಗುತ್ತದೆ.

ಹುಡುಗಿ ಸತ್ತಳೆಂಬ ಸುದ್ದಿ ಕೇಳಿದಾಗ ಡಿಕ್ಸ್ ಠಾಣೆಯಲ್ಲಿ ದುಃಖ ತೋರಿಸುವುದಿಲ್ಲ. ಚುರುಕು ಮಾತುಗಳನ್ನಾಡುತ್ತ ಕೂರುತ್ತಾನೆ. ತನಿಖೆ ನಡೆಸುವ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಲಾಕ್ನರ್‌ನ ಸಂಶಯ ಗಟ್ಟಿಯಾಗುವುದು ಇದರಿಂದಲೇ. ಆದರೆ ಅಲ್ಲಿಂದ ಹೊರಬಂದವನು ದಾರಿಯಲ್ಲಿ ಸಿಕ್ಕ ಹೂವಿನಂಗಡಿಯವನಿಗೆ ಹಣ ಕೊಟ್ಟು, ಸತ್ತ ಹುಡುಗಿಯ ಮನೆಗೆ ಎರಡು ಡಜನ್ ಬಿಳಿ ಗುಲಾಬಿ ಕಳಿಸಲು ಹೇಳುತ್ತಾನೆ. ತನ್ನ ಹೆಸರು ಹೇಳುವುದಿಲ್ಲ. ಅದನ್ನು ಪೊಲೀಸರು ನೋಡುವುದಿಲ್ಲ, ಲಾರೆಲ್ ನೋಡುವುದಿಲ್ಲ. ನೋಡುವವರು ನಾವು ಮಾತ್ರ. ಈ ಚಿತ್ರದ ಬರವಣಿಗೆ ಎಷ್ಟು ಎಚ್ಚರದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಅವನ ಒಳ್ಳೆಯತನಕ್ಕೆ ಸಾಕ್ಷಿಯಿಲ್ಲ, ಕೆಟ್ಟತನಕ್ಕೆ ಮಾತ್ರ ಎಲ್ಲೆಡೆ ಸಾಕ್ಷಿಯಿದೆ: ಹಿಂದೆ ಒಬ್ಬ ನಟಿಯ ಮೂಗು ಮುರಿದದ್ದು, ಕುಡಿದು ಹೊಡೆದಾಡಿದ್ದು, ಎಲ್ಲವೂ ಪೊಲೀಸರ ಕಡತದಲ್ಲಿದೆ.

ಬೆಳಕಿನ ವಿಷಯವಾಗಿ ಒಂದು ಮಾತು. ಛಾಯಾಗ್ರಾಹಕ ಬರ್ನೆಟ್ ಗಫಿ ಮುಂದೆ ಎರಡು ಸಲ ಆಸ್ಕರ್ ಪಡೆದವನು. ಈ ಚಿತ್ರದಲ್ಲಿ ಅವನು ನುವಾರ್‌ನ ದಟ್ಟ ಕತ್ತಲೆಯನ್ನು ಎಲ್ಲೆಡೆ ಸುರಿಯದೆ, ಕ್ಯಾಲಿಫೋರ್ನಿಯಾದ ಹಗಲನ್ನೂ ಧಾರಾಳವಾಗಿ ಬಿಟ್ಟುಕೊಂಡಿದ್ದಾನೆ. ಕತ್ತಲೆಯನ್ನು ಬೇಕಾದ ಜಾಗಕ್ಕೆ ಮಾತ್ರ ಕಾಯ್ದಿರಿಸಿದ್ದಾನೆ. ಡಿಕ್ಸ್ ತನ್ನ ಗೆಳೆಯನೂ ಪತ್ತೇದಾರನೂ ಆದ ಬ್ರಬ್‌ನ ಮನೆಗೆ ಊಟಕ್ಕೆ ಹೋದಾಗ, ಕೊಲೆ ಹೇಗೆ ನಡೆದಿರಬಹುದೆಂದು ಗಂಡಹೆಂಡಿರನ್ನೇ ಪಕ್ಕಪಕ್ಕ ಕೂರಿಸಿ ಆಡಿಸಿ ತೋರಿಸುತ್ತಾನೆ. ಹೇಳುತ್ತ ಹೇಳುತ್ತ ಅವನ ದನಿ ಏರುತ್ತದೆ. ಕಣ್ಣುಗಳ ಮೇಲೆ ಮಾತ್ರ ಒಂದು ಪಟ್ಟಿ ಬೆಳಕು ಬೀಳುತ್ತದೆ. ಆ ಮಾತಿನ ಸೆಳೆತಕ್ಕೆ ಸಿಕ್ಕ ಬ್ರಬ್ ತನಗರಿವಿಲ್ಲದೆಯೇ ಹೆಂಡತಿಯ ಕತ್ತನ್ನು ಬಿಗಿಯಾಗಿ ಒತ್ತಿಬಿಡುತ್ತಾನೆ. ಮೈಸೂರಿನಲ್ಲಿ ಹುಟ್ಟಿ, ಮುಂಬಯಿಗೆ ಬಂದು, ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟ ವಿ.ಕೆ. ಮೂರ್ತಿಯವರ ಕೆಲಸವನ್ನು ಮೆಚ್ಚಿದ ಕನ್ನಡಿಗರಿಗೆ ಈ ಬೆಳಕಿನ ಪಟ್ಟಿಯನ್ನು ಕಂಡಾಗ ತಮ್ಮವರೇ ಎದುರಾದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಮುಖದ ಯಾವ ಭಾಗವನ್ನು ತೋರಿಸಬೇಕು, ಯಾವುದನ್ನು ಮುಚ್ಚಬೇಕು ಎಂಬ ಆಯ್ಕೆಯಿಂದಲೇ ಪಾತ್ರದ ಮನಸ್ಸನ್ನು ಹೇಳುವ ಕಲೆ ಎರಡೂ ಕಡೆ ಒಂದೇ.

ಗುರುದತ್ತರ ನೆನಪು ಬಂದದ್ದರಿಂದ ಇನ್ನೊಂದು ಹೋಲಿಕೆಯನ್ನೂ ಇಲ್ಲೇ ಹೇಳಬಹುದು. ಅವರು ನಿರ್ದೇಶಿಸಿದ ಮೊದಲ ಚಿತ್ರ ‘ಬಾಜಿ’ ಮುಂಬಯಿಯ ನುವಾರ್ ಚಿತ್ರಗಳಿಗೆ ದಾರಿ ತೋರಿದ್ದು 1951ರಲ್ಲಿ, ಅಂದರೆ ಈ ಚಿತ್ರದ ಮರುವರ್ಷವೇ. ಅಲ್ಲಿಯೂ ನಾಯಕನ ಮೇಲೆ ಕೊಲೆಯ ಆರೋಪ ಬರುತ್ತದೆ, ಅಲ್ಲಿಯೂ ಅವನನ್ನು ಪ್ರೀತಿಸುವ ಹೆಣ್ಣಿದ್ದಾಳೆ. ಆದರೆ ಅಲ್ಲಿ ಆರೋಪ ಸುಳ್ಳೆಂದು ತಿಳಿದ ಕೂಡಲೆ ಪ್ರೀತಿಗೆ ದಾರಿ ತೆರೆಯುತ್ತದೆ. ನಮ್ಮ ಹಿಂದಿ, ಕನ್ನಡ ಚಿತ್ರಗಳ ದೊಡ್ಡ ಪರಂಪರೆಯೇ ಈ ನಂಬಿಕೆಯ ಮೇಲೆ ನಿಂತಿದೆ: ಸತ್ಯ ಹೊರಬಿದ್ದರೆ ಸಾಕು, ಮನಸ್ಸುಗಳು ಕೂಡುತ್ತವೆ. ಆ ಚಿತ್ರಗಳ ಮೇಲೆ ನನಗೆ ಅಪಾರ ಪ್ರೀತಿಯಿದೆ. ಆದರೆ ನಿಕೊಲಸ್ ರೇ ಹೇಳುವುದು ಅದಲ್ಲ. ಇಲ್ಲಿ ಸತ್ಯ ಹೊರಬೀಳುತ್ತದೆ, ಡಿಕ್ಸ್ ನಿರಪರಾಧಿಯೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಗೊತ್ತಾಗುತ್ತದೆ, ಮತ್ತು ಅದರಿಂದ ಏನೂ ಕೂಡಿಬರುವುದಿಲ್ಲ.

ಯಾಕೆ ಕೂಡಿಬರುವುದಿಲ್ಲ ಎಂಬುದಕ್ಕೆ ಕಾರಣ ಸಮುದ್ರತೀರದ ಪ್ರಸಂಗದಲ್ಲಿದೆ. ಡಿಕ್ಸ್, ಲಾರೆಲ್, ಬ್ರಬ್ ಮತ್ತು ಅವನ ಹೆಂಡತಿ ನಾಲ್ವರೂ ಸಂತೋಷವಾಗಿ ಹರಟುತ್ತ ಕುಳಿತಿದ್ದಾಗ, ಪೊಲೀಸರು ಲಾರೆಲ್‌ಳನ್ನು ಮತ್ತೊಮ್ಮೆ ಕರೆದು ವಿಚಾರಿಸಿದ್ದು ಬ್ರಬ್‌ನ ಹೆಂಡತಿಯ ಬಾಯಿಂದ ತಪ್ಪಿ ಹೊರಬೀಳುತ್ತದೆ. ತನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂದುಕೊಂಡ ಡಿಕ್ಸ್ ಎದ್ದುಹೋಗಿ ಕಾರನ್ನು ಹುಚ್ಚನಂತೆ ಓಡಿಸುತ್ತಾನೆ, ಇನ್ನೊಂದು ಕಾರಿಗೆ ತಗುಲಿಸುತ್ತಾನೆ, ಅದನ್ನು ಓಡಿಸುತ್ತಿದ್ದ ಯುವಕನನ್ನು ಪ್ರಜ್ಞೆ ತಪ್ಪುವಂತೆ ಹೊಡೆದು, ಕೊನೆಗೆ ಪಕ್ಕದಲ್ಲಿ ಬಿದ್ದಿದ್ದ ಕಲ್ಲನ್ನೆತ್ತಿ ಅವನ ತಲೆಯ ಮೇಲೆ ಹಿಡಿಯುತ್ತಾನೆ. ಲಾರೆಲ್ ಚೀರದಿದ್ದರೆ ಆ ಕಲ್ಲು ಇಳಿಯುತ್ತಿತ್ತು. ಅವಳು ಚೀರಿದಳು, ಕೈ ನಿಂತಿತು. ಆದರೆ ನಿಲ್ಲಿಸಿದ್ದು ಅವಳ ಚೀರು, ಅವನ ವಿವೇಕ ಅಲ್ಲ ಎಂಬುದು ಅವಳಿಗೂ ಗೊತ್ತಾಯಿತು, ನಮಗೂ ಗೊತ್ತಾಯಿತು. ಆ ಕ್ಷಣದಿಂದ ಕೊಲೆಯ ತನಿಖೆ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಬೆಲೆಯಿಲ್ಲ. ಆಮೇಲೆ ಕಾರಿನಲ್ಲಿ ಶಾಂತನಾದ ಅವನು, ತನ್ನ ಚಿತ್ರಕಥೆಗೆಂದು ಮನಸ್ಸಿನಲ್ಲಿ ಕಟ್ಟಿಕೊಂಡ ಮೂರು ಸಾಲುಗಳನ್ನು ಅವಳಿಗೆ ಹೇಳುತ್ತಾನೆ: ಪ್ರೀತಿ ಸಿಕ್ಕಾಗ ಹುಟ್ಟಿದೆ, ಕಳೆದಾಗ ಸತ್ತೆ, ನಡುವಿನ ಕೆಲವು ವಾರ ಮಾತ್ರ ಬದುಕಿದ್ದೆ ಎಂಬ ಅರ್ಥದವು. ಒಬ್ಬನನ್ನು ಕೊಲ್ಲಲು ಹೊರಟಿದ್ದ ಕೈ ಇನ್ನೂ ಆರಿಲ್ಲ, ಅಷ್ಟರಲ್ಲೇ ಇಂಥ ಕೋಮಲ ಮಾತು. ಎರಡೂ ಅವನೇ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಪಡೆಯುವ ದಾರಿ ಲಾರೆಲ್‌ಗೆ ಇಲ್ಲ. ಮರುದಿನ ಅವನು ಏಟು ತಿಂದ ಯುವಕನಿಗೆ ಸುಳ್ಳು ಹೆಸರಿನಲ್ಲಿ ಹಣ ಕಳಿಸುತ್ತಾನೆ; ಅದೂ ಅವನೇ.

ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ಅಡುಗೆಮನೆಯದು. ರಾತ್ರಿ ನಿದ್ದೆ ಬಾರದೆ ಮಾತ್ರೆ ನುಂಗಿ ಮಲಗಿದ್ದ ಲಾರೆಲ್ ಬೆಳಿಗ್ಗೆ ಏಳುವಷ್ಟರಲ್ಲಿ ಡಿಕ್ಸ್ ಅವಳ ಮನೆಯಲ್ಲಿ ತಿಂಡಿ ಸಿದ್ಧಮಾಡುತ್ತಿರುತ್ತಾನೆ. ನಮ್ಮ ಚಕ್ಕೋತದ ಜಾತಿಗೆ ಸೇರಿದ ಗ್ರೇಪ್‌ಫ್ರೂಟ್ ಹಣ್ಣಿನ ತಿರುಳನ್ನು ಸಿಪ್ಪೆಯಿಂದ ಬಿಡಿಸಲು ತುದಿ ಬಾಗಿದ ಒಂದು ಚಾಕು ಬರುತ್ತದೆ. ಡಿಕ್ಸ್‌ಗೆ ಅದು ಗೊತ್ತಿಲ್ಲ. ಚಾಕು ಸೊಟ್ಟಗಾಗಿದೆ ಎಂದುಕೊಂಡು ಅವನು ಎರಡೂ ಕೈಯಲ್ಲಿ ಹಿಡಿದು ಅದನ್ನು ನೆಟ್ಟಗೆ ಮಾಡಿಬಿಡುತ್ತಾನೆ. ಲಾರೆಲ್‌ಗೆ ನಗು ಬರುತ್ತದೆ, ಅದು ಬಾಗಿರಲೆಂದೇ ಮಾಡಿದ್ದು ಎನ್ನುತ್ತಾಳೆ. ಅವನ ಬರವಣಿಗೆಯ ಪ್ರೇಮಪ್ರಸಂಗ ಚೆನ್ನಾಗಿದೆ ಎಂದು ಅವಳು ಮೆಚ್ಚಿದಾಗ ಅವನು ಹೇಳುವ ಮಾತು ಚಿತ್ರಕಥೆ ಬರೆಯುವವರೆಲ್ಲ ನೆನಪಿಡುವಂಥದ್ದು: ಒಳ್ಳೆಯ ಪ್ರೇಮಪ್ರಸಂಗದಲ್ಲಿ ಪ್ರೀತಿಯ ಮಾತೇ ಇರಬೇಕಾಗಿಲ್ಲ, ತಾನು ಹಣ್ಣು ಬಿಡಿಸುತ್ತ ನಿಂತಿರುವುದನ್ನು, ಅವಳು ಅರೆನಿದ್ದೆಯಲ್ಲಿ ಕೂತಿರುವುದನ್ನು ನೋಡಿದವರು ಯಾರಾದರೂ ಇವರಿಬ್ಬರ ನಡುವೆ ಪ್ರೀತಿಯಿದೆ ಎನ್ನುತ್ತಾರೆ. ಆ ಮಾತು ನಿಜ, ಅವನು ಅದನ್ನು ಪೂರ್ಣ ಮನಸ್ಸಿನಿಂದಲೇ ಹೇಳುತ್ತಾನೆ. ಆದರೆ ಕ್ಯಾಮೆರಾ ಅವಳ ಮುಖದ ಮೇಲಿದೆ, ಅವಳು ಹೆದರಿದ್ದಾಳೆ, ಅವಳ ಕಣ್ಣು ಆ ಚಾಕುವಿನ ಹತ್ತಿರವೇ ಸುಳಿಯುತ್ತಿದೆ. ನೋಡಿದವರಿಗೆ ಪ್ರೀತಿ ಕಾಣುತ್ತದೆ ಎಂದು ಅವನು ಹೇಳುತ್ತಿರುವಾಗಲೇ ನೋಡುತ್ತಿರುವ ನಮಗೆ ಭಯ ಕಾಣುತ್ತಿದೆ. ಲಾರೆಲ್‌ಳ ಪಾತ್ರ ವಹಿಸಿದ ಗ್ಲೋರಿಯಾ ಗ್ರಹಾಮ್ ಇಲ್ಲಿ ಮಾಡುವುದು ಬಹಳ ಕಡಿಮೆ: ಒಂದು ನಗು ತಡವಾಗಿ ಬರುತ್ತದೆ, ಒಂದು ಉತ್ತರ ಬೇಗ ಬರುತ್ತದೆ. ಮದುವೆಯಾಗೋಣವೆಂದು ಅವನು ಕೇಳಿದಾಗ ಅವಳು ಒಪ್ಪುತ್ತಾಳೆ. ಇಲ್ಲವೆಂದರೆ ಏನಾಗುವುದೋ ಎಂಬ ಹೆದರಿಕೆಯಿಂದ ಹೊರಟ ಒಪ್ಪಿಗೆ ಅದು.

ಬೋಗಾರ್ಟ್ ಈ ಪಾತ್ರಕ್ಕೆ ತನ್ನ ಹೆಂಡತಿ ಲಾರೆನ್ ಬಕಾಲ್ ಬೇಕೆಂದು ಬಯಸಿದ್ದ; ಅವಳನ್ನು ಕರಾರಿನಲ್ಲಿ ಇಟ್ಟುಕೊಂಡಿದ್ದ ಸ್ಟುಡಿಯೊ ಬಿಟ್ಟುಕೊಡಲಿಲ್ಲ. ಪಾತ್ರ ಗ್ರಹಾಮ್‌ಗೆ ಬಂದದ್ದು ಚಿತ್ರದ ಪುಣ್ಯ. ಬಕಾಲ್ ಬಂದಿದ್ದರೆ ತೆರೆಯ ಮೇಲೆ ಆ ಜೋಡಿಯ ಹೆಸರಾಂತ ಹೊಂದಾಣಿಕೆಯೇ ಮೊದಲು ಕಾಣುತ್ತಿತ್ತು, ಅವಳು ಅವನಿಗೆ ಹೆದರಿದ್ದಾಳೆಂದು ನಂಬುವುದು ಕಷ್ಟವಾಗುತ್ತಿತ್ತು. ಗ್ರಹಾಮ್ ಆಗ ನಿರ್ದೇಶಕ ರೇಯ ಹೆಂಡತಿ. ಚಿತ್ರೀಕರಣದ ಹೊತ್ತಿಗೆ ಅವರ ಸಂಸಾರ ಒಡೆದು ಇಬ್ಬರೂ ಬೇರೆಯಾಗಿದ್ದರು, ಅದನ್ನು ಸ್ಟುಡಿಯೊದವರಿಂದ ಮುಚ್ಚಿಟ್ಟಿದ್ದರು; 1952ರಲ್ಲಿ ವಿಚ್ಛೇದನವೂ ಆಯಿತು. ಕಲಾವಿದರ ಖಾಸಗಿ ಬದುಕನ್ನು ಅವರ ಕೃತಿಯೊಳಗೆ ಹುಡುಕುವ ಚಪಲ ನನಗಿಲ್ಲ. ಆದರೆ ತಾನು ಬದುಕಿದ್ದ ಮನೆಯ ಮಾದರಿಯ ಮನೆಯಲ್ಲಿ, ತನ್ನಿಂದ ದೂರವಾಗುತ್ತಿದ್ದ ಹೆಂಡತಿಯನ್ನು ನಿಲ್ಲಿಸಿ, ಪ್ರೀತಿ ಇದ್ದೂ ಜೊತೆಗಿರಲಾರದ ಇಬ್ಬರ ಕಥೆಯನ್ನು ಒಬ್ಬ ನಿರ್ದೇಶಕ ಚಿತ್ರಿಸುತ್ತಿದ್ದ ಎಂಬುದು ತಿಳಿದ ಮೇಲೆ, ಈ ಚಿತ್ರದಲ್ಲಿ ಇಬ್ಬರಲ್ಲಿ ಯಾರನ್ನೂ ಖಳರನ್ನಾಗಿ ಮಾಡದಿರುವ ಆ ದೊಡ್ಡ ಮನಸ್ಸು ಇನ್ನಷ್ಟು ಅರ್ಥವಾಗುತ್ತದೆ.

ಕೊನೆಯ ದೃಶ್ಯವೂ ಆ ಮನಸ್ಸಿನಿಂದಲೇ ಬಂದದ್ದು. ಮೂಲ ಚಿತ್ರಕಥೆಯಲ್ಲಿ ಡಿಕ್ಸ್ ಲಾರೆಲ್‌ಳನ್ನು ಕೊಂದೇಬಿಡುತ್ತಿದ್ದ, ಪೊಲೀಸರು ಬಂದು ಅವನನ್ನು ಹಿಡಿಯುತ್ತಿದ್ದರು. ರೇಗೆ ಅದು ಒಗ್ಗಲಿಲ್ಲ. ನಟರನ್ನಷ್ಟೇ ಇಟ್ಟುಕೊಂಡು ಅಂತ್ಯವನ್ನು ಬೇರೆಯಾಗಿ ಚಿತ್ರಿಸಿದ. ಚಿತ್ರದಲ್ಲಿ ಈಗಿರುವಂತೆ, ಲಾರೆಲ್ ತನ್ನನ್ನು ಬಿಟ್ಟು ಊರಿನಿಂದಲೇ ಹೊರಡಲು ಸಿದ್ಧಳಾಗಿದ್ದಾಳೆಂದು ತಿಳಿದ ಡಿಕ್ಸ್ ಅವಳ ಕತ್ತಿಗೆ ಕೈಹಾಕುತ್ತಾನೆ. ಅಷ್ಟರಲ್ಲಿ ಟೆಲಿಫೋನ್ ಬಾರಿಸುತ್ತದೆ. ಆಚೆಯ ತುದಿಯಲ್ಲಿ ಪೊಲೀಸರು: ಮಿಲ್ಡ್ರೆಡ್‌ಳ ಗೆಳೆಯನೇ ಕೊಲೆ ಮಾಡಿದ್ದನ್ನು ಒಪ್ಪಿಕೊಂಡಿದ್ದಾನೆ, ಡಿಕ್ಸ್‌ನ ಮೇಲೆ ಯಾವ ಆರೋಪವೂ ಇಲ್ಲ. ಒಂದು ದಿನ ಮೊದಲು ಈ ಸುದ್ದಿ ಬಂದಿದ್ದರೆ ತಮಗೆ ಎಷ್ಟೋ ಆಗುತ್ತಿತ್ತು, ಈಗ ಏನೂ ಅಲ್ಲ ಎಂದು ಲಾರೆಲ್ ಫೋನಿನಲ್ಲಿ ಹೇಳುತ್ತಾಳೆ. ಡಿಕ್ಸ್ ಅಂಗಳ ದಾಟಿ ಹೋಗುತ್ತಾನೆ.

ಮಾಟುಂಗಾದ ನಮ್ಮ ಮನೆಯಲ್ಲಿ ಕೆಲವು ಕನ್ನಡ ಗೆಳೆಯರು ಸೇರಿ ಈ ಚಿತ್ರವನ್ನು ನೋಡಿದಾಗ ದೊಡ್ಡ ಚರ್ಚೆ ಎದ್ದದ್ದು ಲಾರೆಲ್‌ಳ ಈ ಮಾತಿನ ಮೇಲೆಯೇ. ಬಹುಕಾಲ ವಕೀಲಿ ಮಾಡಿ ಈಗ ವಿಶ್ರಾಂತರಾಗಿರುವ ಹಿರಿಯರೊಬ್ಬರು ಅವಳ ಮಾತನ್ನು ಅಕ್ಷರಶಃ ಒಪ್ಪಿದರು. ಸಾಕ್ಷ್ಯವಿಲ್ಲದೆ ಒಬ್ಬನನ್ನು ಅಪರಾಧಿಯೆಂದು ಎಣಿಸಿದ್ದು ತಪ್ಪು, ಆ ಫೋನು ಒಂದು ದಿನ ಮೊದಲು ಬಂದಿದ್ದರೆ ಇಬ್ಬರ ಬಾಳೂ ನೆಟ್ಟಗಾಗುತ್ತಿತ್ತು, ಇದು ತಡವಾಗಿ ಬಂದ ತೀರ್ಪಿನ ದುರಂತ ಎಂದರು. ನಮ್ಮ ಅತ್ತಿಗೆ ಸುಮ್ಮನಿರಲಿಲ್ಲ. “ಅಲ್ಲ ರಾಯರೇ, ಆ ಹುಡುಗೀನ ಕೊಂದೋನು ಇವನಲ್ಲ, ಒಪ್ಪಿದೆ. ಆದರೆ ಆ ಹುಡುಗನ ತಲೆ ಮೇಲೆ ಕಲ್ಲು ಎತ್ತಿದ್ದು ಇವನೇ ತಾನೆ? ಈಗ ಇವಳ ಕತ್ತು ಹಿಡಿದಿದ್ದೂ ಇವನೇ ತಾನೆ? ಫೋನು ನಿನ್ನೆ ಬಂದಿದ್ರೆ ಇವಳು ಮದುವೆ ಆಗ್ತಿದ್ಳು, ಅಷ್ಟೇ. ಆಮೇಲೆ?” ಎಂದು ಕೇಳಿದರು. ರಾಯರು ಸ್ವಲ್ಪ ಹೊತ್ತು ಯೋಚಿಸಿ, “ಅದನ್ನ ಕೋರ್ಟು ಕೇಳೋದಿಲ್ಲಮ್ಮ” ಎಂದರು.

ನಾನು ಅತ್ತಿಗೆಯ ಪಕ್ಷದವನು. ಈ ಚಿತ್ರವನ್ನು ತಪ್ಪು ತಿಳಿವಳಿಕೆಯ ಕಥೆಯೆಂದು, ನಂಬಿಕೆಯಿಲ್ಲದ ಹೆಣ್ಣಿನಿಂದ ಒಳ್ಳೆಯವನೊಬ್ಬ ಹಾಳಾದ ಕಥೆಯೆಂದು ಓದುವವರು ಇದ್ದಾರೆ. ಚಿತ್ರದಲ್ಲಿರುವ ಪುರಾವೆಗಳು ಆ ಓದಿಗೆ ಸಹಾಯ ಮಾಡುವುದಿಲ್ಲ. ಪೊಲೀಸರ ಸಂಶಯ ಆಗಿಹೋದ ಒಂದು ರಾತ್ರಿಯ ಬಗ್ಗೆ. ಲಾರೆಲ್‌ಳ ಸಂಶಯ ಬರಲಿರುವ ಸಾವಿರಾರು ರಾತ್ರಿಗಳ ಬಗ್ಗೆ. ಮೊದಲನೆಯದನ್ನು ಒಬ್ಬನ ತಪ್ಪೊಪ್ಪಿಗೆ ಅಳಿಸಬಲ್ಲದು. ಎರಡನೆಯದನ್ನು ಅಳಿಸಲು ಅವನು ದಿನದಿನವೂ ಬೇರೆಯ ಮನುಷ್ಯನಾಗಿ ನಡೆದುಕೊಂಡು ತೋರಿಸಬೇಕು, ಅದಕ್ಕೆ ಬೇಕಾದ ಕಾಲವನ್ನು ಅವನ ಸಿಟ್ಟೇ ತಿಂದುಹಾಕುತ್ತದೆ. ಹಾಗೆಂದು ಅವಳ ಪ್ರೀತಿ ಸುಳ್ಳಲ್ಲ. ಅವನು ಹೊರಟಾಗ, ಕಾರಿನಲ್ಲಿ ಅವನು ಹೇಳಿದ್ದ ಸಾಲನ್ನೇ ಅವಳು ತನ್ನ ಮಾತಾಗಿ ತಿರುಗಿ ಹೇಳಿ ಬೀಳ್ಕೊಡುತ್ತಾಳೆ. ನಂಬಿಕೆ ಸತ್ತ ಮೇಲೂ ಪ್ರೀತಿ ಸಾಯದೆ ಉಳಿಯಬಹುದು ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಧೈರ್ಯ ಆ ಕಾಲದ ವ್ಯಾಪಾರಿ ಚಿತ್ರಕ್ಕೆ ಇತ್ತೆಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಆ ಕಾಲದ ಗಾಳಿಯನ್ನೂ ಮರೆಯಬಾರದು. 1947ರಿಂದ ಹಾಲಿವುಡ್‌ನಲ್ಲಿ ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಬರಹಗಾರರನ್ನೂ ನಿರ್ದೇಶಕರನ್ನೂ ವಿಚಾರಣೆಗೆ ಎಳೆಯಲಾಗುತ್ತಿತ್ತು. ಅದನ್ನು ವಿರೋಧಿಸಲು ವಾಷಿಂಗ್‌ಟನ್‌ಗೆ ಹೋದ ತಾರೆಯರ ತಂಡದಲ್ಲಿ ಬೋಗಾರ್ಟ್ ಕೂಡ ಇದ್ದ. ಡಿಕ್ಸ್‌ನ ಏಜೆಂಟ್ ಮೆಲ್, ಅವನು ಎಷ್ಟೇ ಬೈದರೂ, ಕೊನೆಗೆ ಹೊಡೆದು ಕನ್ನಡಕ ಒಡೆದರೂ ಬಿಟ್ಟುಹೋಗದ ಆ ಮುದ್ದು ಮನುಷ್ಯನ ಪಾತ್ರ ಮಾಡಿದ ಆರ್ಟ್ ಸ್ಮಿತ್‌ನ ಹೆಸರು 1952ರಲ್ಲಿ ಅಂಥದೇ ವಿಚಾರಣೆಯಲ್ಲಿ ಹೊರಬಂದು, ಅವನ ಚಿತ್ರಜೀವನಕ್ಕೆ ಪೆಟ್ಟುಬಿತ್ತು. ಚಿತ್ರಕಥೆಗಾರನೊಬ್ಬನನ್ನು ಎಲ್ಲರೂ ಓರೆಗಣ್ಣಿನಿಂದ ನೋಡುವ ಈ ಕಥೆ ಅಂಥ ಊರಿನಲ್ಲಿ, ಅಂಥ ವರ್ಷಗಳಲ್ಲಿ ತಯಾರಾಯಿತು.

ಕೊರತೆಗಳೂ ಇವೆ. ಬ್ರಬ್‌ನ ಹೆಂಡತಿ ಸಿಲ್ವಿಯಾ ಮನಶ್ಶಾಸ್ತ್ರದ ಮಾತುಗಳಲ್ಲಿ ಡಿಕ್ಸ್‌ನನ್ನು ವಿವರಿಸುವ ಭಾಗ ಬೇಕಿರಲಿಲ್ಲ. ಬೋಗಾರ್ಟ್‌ನ ಕಣ್ಣುಗಳು ಹೇಳಿ ಮುಗಿಸಿದ್ದನ್ನು ಅದು ಮತ್ತೆ ಹೇಳುತ್ತದೆ. ನಿಜವಾದ ಕೊಲೆಗಾರನ ಎಳೆ ತೀರ ತೆಳುವಾಗಿದೆ. ಜಾರ್ಜ್ ಆಂಥೈಲ್‌ನ ಸಂಗೀತ ಅಲ್ಲಲ್ಲಿ ದೃಶ್ಯಕ್ಕಿಂತ ಮುಂಚೆಯೇ ಹೆದರಿಸಲು ಹೊರಡುತ್ತದೆ. ಗಾಯಕಿ ಹ್ಯಾಡಾ ಬ್ರೂಕ್ಸ್ ಪಿಯಾನೊ ಮುಂದೆ ಕುಳಿತು ಹಾಡುವ ಪ್ರಸಂಗ ಮಾತ್ರ ಇಡೀ ಚಿತ್ರದಲ್ಲಿ ಆ ಜೋಡಿಗೆ ಸಿಗುವ ಕೆಲವೇ ನಿಶ್ಚಿಂತ ಕ್ಷಣಗಳಲ್ಲೊಂದು.

ಚಿತ್ರದ ಮೂಲವಾದ ಡೊರೊಥಿ ಬಿ. ಹ್ಯೂಸ್ ಅವರ 1947ರ ಕಾದಂಬರಿಯನ್ನು ಓದಬೇಕೆನ್ನುವವರು ಚಿತ್ರ ನೋಡಿದ ಮೇಲೆ ಓದುವುದು ಮೇಲು. ಅಲ್ಲಿ ಡಿಕ್ಸ್ ನಿಜವಾಗಿಯೂ ಕೊಲೆಗಾರ, ಒಂದಲ್ಲ ಹಲವು ಕೊಲೆಗಳನ್ನು ಮಾಡಿದವನು. ಹೆಸರುಗಳು ಮತ್ತು ಕೆಲವು ಸಂಬಂಧಗಳ ಹೊರತು ಎರಡಕ್ಕೂ ಹೋಲಿಕೆ ಕಡಿಮೆ. ಕಾದಂಬರಿ ತನ್ನಷ್ಟಕ್ಕೆ ಬಹಳ ಒಳ್ಳೆಯದು, ಕೊಲೆಗಾರನ ತಲೆಯೊಳಗೆ ಕೂತು ಬರೆದದ್ದು. ಅಂಥ ಕಥೆಯಿಂದ ಚಿತ್ರಕ್ಕಾಗಿ ಬರೆದ ಆಂಡ್ರ್ಯೂ ಸೋಲ್ಟ್ ಮತ್ತು ಎಡ್ಮಂಡ್ ನಾರ್ತ್ ನಿರಪರಾಧಿಯೊಬ್ಬನನ್ನು ಹೊರತೆಗೆದು, ಅವನನ್ನು ಕೊಲೆಗಾರನಿಗಿಂತ ಹೆಚ್ಚು ಕಾಡುವವನನ್ನಾಗಿ ಮಾಡಿದರು.

ನಾವು ನೋಡಿದ್ದು ಕ್ರೈಟೀರಿಯನ್ ಸಂಸ್ಥೆ 2016ರಲ್ಲಿ ಹೊರತಂದ ಬ್ಲೂ-ರೇ ಡಿಸ್ಕ್. ಚಿತ್ರವನ್ನು 2ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿದ್ದು, ಕಪ್ಪು ಮತ್ತು ಬೂದು ಬಣ್ಣಗಳ ನಡುವಣ ಹತ್ತಾರು ಛಾಯೆಗಳು ಸ್ಪಷ್ಟವಾಗಿ ಬೇರ್ಪಟ್ಟು ಕಾಣುತ್ತವೆ. ರಾತ್ರಿಯ ದೃಶ್ಯಗಳಲ್ಲಿ ಅಂಗಳದ ಗಿಡಗಳ ಎಲೆಗಳೂ ಕತ್ತಲೆಯಲ್ಲಿ ಕರಗಿಹೋಗಿಲ್ಲ. ಮಾತು ಸ್ವಚ್ಛವಾಗಿ ಕೇಳಿಸುತ್ತದೆ, ಇಂಗ್ಲಿಷ್ ಉಪಶೀರ್ಷಿಕೆಗಳಿವೆ. ಬೋಗಾರ್ಟ್ ಮಾತನ್ನು ಹಲ್ಲಿನ ಸಂದಿಯಲ್ಲೇ ಮುಗಿಸುವುದರಿಂದ ಅವುಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ಕೊಳ್ಳುವ ಮುಂಚೆ ಒಂದು ವಿಷಯ ಗಮನದಲ್ಲಿರಲಿ: ಈ ಡಿಸ್ಕ್ ಅಮೆರಿಕ ಸೇರಿದ ‘ಎ’ ವಲಯದ್ದು, ಭಾರತ ‘ಸಿ’ ವಲಯದಲ್ಲಿದೆ. ಇಲ್ಲಿ ಮಾಮೂಲಾಗಿ ಸಿಗುವ ಪ್ಲೇಯರ್‌ನಲ್ಲಿ ಅದು ಓಡುವುದಿಲ್ಲ, ಎಲ್ಲ ವಲಯಗಳ ಡಿಸ್ಕ್ ಓಡಿಸುವ ಪ್ಲೇಯರ್ ಬೇಕಾಗುತ್ತದೆ. ಇನ್ನೊಂದು, ಚಿತ್ರ ಹಳೆಯ ಚೌಕಟ್ಟಿನದ್ದಾದ್ದರಿಂದ ಈಗಿನ ಅಗಲ ಟಿ.ವಿ.ಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಅದನ್ನು ತುಂಬಿಸಲೆಂದು ಚಿತ್ರವನ್ನು ಹಿಗ್ಗಿಸುವ ಗುಂಡಿಯನ್ನು ದಯವಿಟ್ಟು ಒತ್ತಬೇಡಿ. ಗಫಿ ಅಳೆದು ಇಟ್ಟ ಮುಖಗಳೆಲ್ಲ ಅಗಲವಾಗಿ ಹಾಳಾಗುತ್ತವೆ.

ಜೊತೆಗಿರುವ ಪೂರಕ ಸಾಮಗ್ರಿಯಲ್ಲಿ ಗ್ರಹಾಮ್ ಬಗೆಗಿನ ಸಂದರ್ಶನವನ್ನು ತಪ್ಪದೆ ನೋಡಬೇಕು. ವಿದ್ವಾಂಸ ಡೇನಾ ಪೋಲನ್‌ರ, ಚಿತ್ರ ಓಡುತ್ತಿರುವಾಗಲೇ ಕೇಳಿಸಿಕೊಳ್ಳುವ ವ್ಯಾಖ್ಯಾನ ಎರಡನೆಯ ಸಲ ನೋಡುವಾಗ ಉಪಯುಕ್ತ, ಮೊದಲ ಸಲಕ್ಕೆ ಬೇಡ. ರೇಯ ಕೊನೆಗಾಲದ ಮೇಲೆ 1975ರಲ್ಲಿ ಬಂದ ಸಾಕ್ಷ್ಯಚಿತ್ರದ ಸಂಕ್ಷಿಪ್ತ ರೂಪವೂ ಇದೆ. ಚಿತ್ರದ ಅವಧಿ 94 ನಿಮಿಷ. ರಕ್ತಪಾತವನ್ನು ತೋರಿಸುವುದಿಲ್ಲ, ಆದರೂ ಸಣ್ಣ ಮಕ್ಕಳ ಜೊತೆ ಕೂತು ನೋಡುವ ಚಿತ್ರ ಇದಲ್ಲ. ಗಂಡಹೆಂಡಿರು ಒಟ್ಟಿಗೆ ನೋಡಲಿ, ಮಾರನೆಯ ದಿನ ರಜೆಯಿರುವ ಹಿಂದಿನ ರಾತ್ರಿಯಾದರೆ ಉತ್ತಮ, ಮಾತಾಡಲು ಹೊತ್ತು ಬೇಕಾಗುತ್ತದೆ.